ಎಂಟು ಮಿಲಿಮೀಟರ್ ದಪ್ಪದೊಳಗಿನ ಕ್ಯಾಮೆರಾ

ಸ್ಮಾರ್ಟ್‌ಫೋನಿನ ಕ್ಯಾಮೆರಾ ಇಕ್ಕಟ್ಟಿನಲ್ಲೇ ಹುಟ್ಟಿ ಇಕ್ಕಟ್ಟಿನಲ್ಲೇ ಬೆಳೆದ ಉಪಕರಣ. ಫೋನಿನ ದಪ್ಪ ಸುಮಾರು 8 ಮಿಲಿಮೀಟರ್. ಪರದೆ, ಬ್ಯಾಟರಿ, ಸರ್ಕ್ಯೂಟ್ ಬೋರ್ಡುಗಳಿಗೆ ಜಾಗ ಬಿಟ್ಟು ಉಳಿದ ಮೂಲೆಯಲ್ಲಿ ಲೆನ್ಸೂ ಸೆನ್ಸರೂ ಕೂರಬೇಕು. ಮದುವೆ ಮನೆಗೆ ಬರುವ ಫೋಟೋಗ್ರಾಫರ್ ಕೈಯಲ್ಲಿನ ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ ಇರುತ್ತದೆ. ಬಹುಕಾಲ ಒಳ್ಳೆಯ ಫೋನುಗಳಲ್ಲಿ ಬರುತ್ತಿದ್ದ ಸೆನ್ಸರಿನ ವಿಸ್ತೀರ್ಣ ಅದರ ಮೂವತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಮಳೆಗೆ ಕೊಳಗ ಇಟ್ಟವರಿಗೆ ಸಿಗುವಷ್ಟು ನೀರು ಲೋಟ ಇಟ್ಟವರಿಗೆ ಸಿಗದು; ಬೆಳಕಿನ ಲೆಕ್ಕವೂ ಹಾಗೆಯೇ. ಬೆಳಕು ಕಡಿಮೆ ಬಿದ್ದಷ್ಟೂ ಚಿತ್ರದಲ್ಲಿ ಮರಳು ಚೆಲ್ಲಿದಂಥ ನಾಯ್ಸ್ ಹೆಚ್ಚುತ್ತದೆ. ಮೊಬೈಲ್ ಛಾಯಾಗ್ರಹಣ ಎರಡೂವರೆ ದಶಕ ನಡೆದು ಬಂದ ದಾರಿಯೆಲ್ಲ ಈ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನವೇ. ಸೆನ್ಸರನ್ನು ಹಿಗ್ಗಿಸಿ ನೋಡಿದರು, ಲೆನ್ಸುಗಳ ಸಂಖ್ಯೆ ಹೆಚ್ಚಿಸಿದರು. ಆದರೆ ನಿಜವಾದ ತಿರುವು ಬಂದದ್ದು ಸಾಫ್ಟ್‌ವೇರಿನ ಲೆಕ್ಕಾಚಾರದಿಂದ.

ಕ್ಯಾಮೆರಾ ಫೋನಿನೊಳಗೆ ಸೇರಬೇಕಾದರೆ ಮೊದಲು ಸೆನ್ಸರ್ ಅಗ್ಗವಾಗಬೇಕಿತ್ತು, ಬ್ಯಾಟರಿಯನ್ನು ಬೇಗ ಬರಿದು ಮಾಡದಂತಿರಬೇಕಿತ್ತು. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಬಾಹ್ಯಾಕಾಶ ನೌಕೆಗಳಿಗೆ ಚಿಕ್ಕ ಕ್ಯಾಮೆರಾ ಬೇಕೆಂದು ಸಿಮಾಸ್ ಸೆನ್ಸರನ್ನು ರೂಪಿಸಿದರು. ಅಂತರಿಕ್ಷಕ್ಕೆಂದು ಮಾಡಿದ್ದು ಕೊನೆಗೆ ಜೇಬಿಗೆ ಒದಗಿತು. ಇಂದಿನ ಎಲ್ಲ ಫೋನುಗಳಲ್ಲೂ ಇರುವುದು ಆ ವಂಶದ ಸೆನ್ಸರೇ. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ ಹೆರಿಗೆ ಆಸ್ಪತ್ರೆಯಲ್ಲಿ ಕುಳಿತು ಒಂದು ಕ್ಯಾಸಿಯೊ ಡಿಜಿಟಲ್ ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಒಂದು ಮೊಟೊರೊಲಾ ಫೋನನ್ನು ತಂತಿಗಳಿಂದ ಜೋಡಿಸಿದರು. ಆಗತಾನೆ ಹುಟ್ಟಿದ ಮಗಳ ಚಿತ್ರವನ್ನು ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಳುಹಿಸಿದರು. ತೆಗೆದ ಚಿತ್ರವನ್ನು ನಿಂತಲ್ಲಿಂದಲೇ ಹಂಚಬಹುದು ಎಂಬುದು ಅಂದು ಸಾಬೀತಾಯಿತು. ಮೊಬೈಲ್ ಕ್ಯಾಮೆರಾ ಮುಂದೆ ಗೆದ್ದದ್ದು ಚಿತ್ರದ ಗುಣಮಟ್ಟಕ್ಕಿಂತ ಹೆಚ್ಚಾಗಿ ಈ ಒಂದು ಸೌಕರ್ಯದಿಂದ.

ಅದೇ ಸೌಕರ್ಯವನ್ನು ಜಪಾನಿನ ಶಾರ್ಪ್ ಕಂಪನಿ ಒಂದೇ ಯಂತ್ರದೊಳಗೆ ತಂದಿತು. 2000ದ ನವೆಂಬರಿನಲ್ಲಿ ಜೆ-ಫೋನ್ ಜಾಲದಲ್ಲಿ ಬಂದ ಅದರ ಜೆ-ಎಸ್‌ಎಚ್04 ಫೋನಿನ ಕ್ಯಾಮೆರಾಗಿದ್ದದ್ದು 1.1 ಲಕ್ಷ ಪಿಕ್ಸೆಲ್ ಮಾತ್ರ. ಅದೇ ವರ್ಷ ಕೊರಿಯಾದಲ್ಲಿ ಬಂದ ಸ್ಯಾಮ್‌ಸಂಗ್ ಫೋನಿನಲ್ಲಿ ಇನ್ನೂ ಹೆಚ್ಚಿನ ಪಿಕ್ಸೆಲ್‌ಗಳಿದ್ದವು. ಆದರೆ ಅದರಲ್ಲಿ ತೆಗೆದ ಚಿತ್ರ ಹೊರಗೆ ಬರಬೇಕಾದರೆ ಕಂಪ್ಯೂಟರಿಗೆ ಜೋಡಿಸಬೇಕಿತ್ತು. ಜನ ಒಪ್ಪಿಕೊಂಡದ್ದು ಕಳುಹಿಸಲು ಬರುವ ಮಸುಕು ಚಿತ್ರವನ್ನು. ಭಾರತದಲ್ಲಿ ಈ ರುಚಿ ಹತ್ತಿಸಿದ್ದು 2002ರ ನೋಕಿಯಾ 7650 ಮತ್ತು ಅದರ ಹಿಂದೆಯೇ ಬಂದ 6600. 2007ರಲ್ಲಿ ನೋಕಿಯಾ ಎನ್95 ಕಾರ್ಲ್ ಜೈಸ್ ಲೆನ್ಸಿನೊಂದಿಗೆ 5 ಮೆಗಾಪಿಕ್ಸೆಲ್ ಕ್ಯಾಮೆರಾ ತಂದಿತು. ಅದೇ ವರ್ಷದ ಮೊದಲ ಐಫೋನಿನಲ್ಲಿ ಇದ್ದದ್ದು 2 ಮೆಗಾಪಿಕ್ಸೆಲ್. ಫ್ಲ್ಯಾಶ್ ಇಲ್ಲ, ಆಟೊಫೋಕಸ್ ಇಲ್ಲ, ವಿಡಿಯೊ ಕೂಡ ಇಲ್ಲ. ಆದರೆ 2008ರಲ್ಲಿ ಆ್ಯಪ್ ಸ್ಟೋರ್ ತೆರೆದ ಮೇಲೆ ಹೊರಗಿನವರು ಬರೆದ ಸಾಫ್ಟ್‌ವೇರ್ ಆ ಕ್ಯಾಮೆರಾವನ್ನು ತಿದ್ದತೊಡಗಿತು. 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ಬಂತು. ಎರಡೇ ವರ್ಷದೊಳಗೆ ಫೇಸ್‌ಬುಕ್ ಅದನ್ನು 100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು.

ಸೆನ್ಸರನ್ನು ಹಿಗ್ಗಿಸುವ ದಾರಿಯಲ್ಲಿ ಬಹುದೂರ ನಡೆದು ನೋಡಿದ್ದೂ ನೋಕಿಯಾವೇ. 2012ರ 808 ಪ್ಯೂರ್‌ವ್ಯೂ ಫೋನಿನಲ್ಲಿ 41 ಮೆಗಾಪಿಕ್ಸೆಲ್‌ಗಳ, ಆ ಕಾಲಕ್ಕೆ ಬಹಳ ದೊಡ್ಡದೆನ್ನಬೇಕಾದ ಸೆನ್ಸರ್ ಇತ್ತು. ಅದಕ್ಕಾಗಿ ಫೋನಿನ ಬೆನ್ನು ಉಬ್ಬಿತು. ಚಿತ್ರಗಳು ಚೆನ್ನಾಗಿದ್ದವು, ಫೋನ್ ಮಾತ್ರ ನಡೆಯಲಿಲ್ಲ. ಅದರ ಸಿಂಬಿಯನ್ ತಂತ್ರಾಂಶಕ್ಕೆ ಆಗಲೇ ವಯಸ್ಸಾಗಿತ್ತು. ಇಷ್ಟರಲ್ಲಿ ಬೇರೆ ಕ್ಯಾಮೆರಾಗಳ ಮಾರುಕಟ್ಟೆ ಕುಸಿಯತೊಡಗಿತ್ತು. ಜಪಾನಿನ ಕ್ಯಾಮೆರಾ ಉದ್ಯಮ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾಗಳ ರವಾನೆ 2023ರಲ್ಲಿ 80 ಲಕ್ಷಕ್ಕಿಂತ ಕೆಳಗಿತ್ತು. ಪ್ರವಾಸಕ್ಕೆ ಕೊಂಡೊಯ್ಯುತ್ತಿದ್ದ ಪುಟ್ಟ ಪಾಯಿಂಟ್-ಅಂಡ್-ಶೂಟ್ ಕ್ಯಾಮೆರಾ ಬಹುಮಟ್ಟಿಗೆ ಬಳಕೆಯಿಂದ ಹೋಯಿತು.

ಕಂಪ್ಯುಟೇಷನಲ್ ಫೋಟೋಗ್ರಫಿ ಎಂಬ ತಿರುವಿನಲ್ಲಿ ಗೂಗಲ್‌ನಲ್ಲಿ ಮಾರ್ಕ್ ಲೆವಾಯ್ ಅವರ ತಂಡ ಮಾಡಿದ ಕೆಲಸ ದೊಡ್ಡದು. ಅವರ ಎಚ್‌ಡಿಆರ್ ಪ್ಲಸ್ ವಿಧಾನದಲ್ಲಿ ಒಂದು ಚಿತ್ರವೆಂದರೆ ಒಂದು ಎಕ್ಸ್‌ಪೋಷರ್ ಅಲ್ಲ. ಫೋನು ಬೇಕೆಂದೇ ತುಸು ಕಪ್ಪಾಗಿರುವ ಹಲವು ಫ್ರೇಮುಗಳನ್ನು ಸರಸರನೆ ತೆಗೆಯುತ್ತದೆ. ಕಪ್ಪಾಗಿ ತೆಗೆಯುವುದರಿಂದ ಆಕಾಶ, ದೀಪ ಮೊದಲಾದ ಪ್ರಖರ ಭಾಗಗಳು ಬೆಳ್ಳಗೆ ಸುಟ್ಟುಹೋಗುವುದಿಲ್ಲ. ಕೈ ನಡುಕದಿಂದ ಆಚೀಚೆ ಸರಿದ ಫ್ರೇಮುಗಳನ್ನು ಸಾಫ್ಟ್‌ವೇರ್ ತುಣುಕು ತುಣುಕಾಗಿ ಹೊಂದಿಸಿ ಒಂದರ ಮೇಲೊಂದು ಕೂಡಿಸುತ್ತದೆ. ದೃಶ್ಯ ಎಲ್ಲ ಫ್ರೇಮುಗಳಲ್ಲೂ ಒಂದೇ; ನಾಯ್ಸ್ ಮಾತ್ರ ಪ್ರತಿ ಫ್ರೇಮಿನಲ್ಲಿ ಬೇರೆ. ಸರಾಸರಿ ತೆಗೆದಾಗ ದೃಶ್ಯ ಉಳಿದು ನಾಯ್ಸ್ ಕರಗುತ್ತದೆ: ಒಂಬತ್ತು ಫ್ರೇಮು ಕೂಡಿಸಿದರೆ ಮೂರನೆಯ ಒಂದು ಭಾಗಕ್ಕಿಳಿಯುತ್ತದೆ. ಆಮೇಲೆ ನೆರಳಿನ ಭಾಗಗಳನ್ನು ಎತ್ತಿ ಬೆಳಗಿಸಬಹುದು. ಕ್ಯಾಮೆರಾ ಆ್ಯಪ್ ತೆರೆದ ಕ್ಷಣದಿಂದಲೇ ಫ್ರೇಮುಗಳು ಸಂಗ್ರಹವಾಗುತ್ತಿರುತ್ತವೆ. ಆದ್ದರಿಂದ ಗುಂಡಿ ಒತ್ತಿದಾಗ ಸಿಗುವ ಚಿತ್ರದ ಕೆಲವು ಅಂಶಗಳು ಒತ್ತುವ ಮುಂಚಿನವೂ ಆಗಿರಬಹುದು.

2018ರ ನವೆಂಬರಿನಲ್ಲಿ ಪಿಕ್ಸೆಲ್ ಫೋನುಗಳಿಗೆ ಬಂದ ನೈಟ್ ಸೈಟ್ ಇದೇ ತತ್ವವನ್ನು ಕತ್ತಲಿಗೆ ಒಡ್ಡಿತು. ಕೈಯಲ್ಲಿ ಹಿಡಿದಾಗ ಪ್ರತಿ ಫ್ರೇಮಿಗೆ ಹೆಚ್ಚೆಂದರೆ ಸೆಕೆಂಡಿನ ಮೂರನೆಯ ಒಂದು ಭಾಗ. ಸ್ಟ್ಯಾಂಡಿನ ಮೇಲಿದ್ದರೆ ಫೋನು ಅದನ್ನು ಅರಿತು ಒಂದು ಸೆಕೆಂಡಿನವರೆಗೆ ಹಿಗ್ಗಿಸುತ್ತದೆ. ಮರುವರ್ಷದ ಪಿಕ್ಸೆಲ್ 4 ನಕ್ಷತ್ರಗಳಿಗೆ ಕೈಚಾಚಿತು: 16 ಸೆಕೆಂಡಿನ ಹದಿನೈದು ಫ್ರೇಮುಗಳು, ಒಟ್ಟು ನಾಲ್ಕು ನಿಮಿಷ. ಕುದುರೆಮುಖದ ತಪ್ಪಲಿನಂಥ ಕತ್ತಲ ಜಾಗಗಳಲ್ಲಿ ಫೋನನ್ನು ಕಲ್ಲಿಗೆ ಒರಗಿಸಿಟ್ಟು ಆಕಾಶಗಂಗೆಯನ್ನು ಸೆರೆಹಿಡಿಯುವುದು ಇದರಿಂದ ಸಾಧ್ಯವಾಯಿತು. ಅದಕ್ಕೆ ಐದಾರು ವರ್ಷ ಮುಂಚಿನ ಫೋನುಗಳಿಂದ ಬಹುಮಟ್ಟಿಗೆ ಆಗದಿದ್ದ ಕೆಲಸ ಇದು.

ಲೆನ್ಸುಗಳ ಸಂಖ್ಯೆ ಬೆಳೆದದ್ದೂ ಇದೇ ಅವಧಿಯಲ್ಲಿ. ತೆಳು ದೇಹದಲ್ಲಿ ಹಿಂದೆಮುಂದೆ ಚಲಿಸುವ ಜೂಮ್ ಲೆನ್ಸ್ ಕೂರದು. ಆದ್ದರಿಂದ ಬೇರೆಬೇರೆ ನೋಟಗಳಿಗೆ ಬೇರೆಬೇರೆ ಲೆನ್ಸ್. 2016ರ ಐಫೋನ್ 7 ಪ್ಲಸ್ ಎರಡು ಲೆನ್ಸುಗಳಿಂದ ದೂರವನ್ನು ಅಂದಾಜಿಸಿ ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ವಿಧಾನ ತಂದಿತು. 2019ರ ಹುವಾವೆ ಪಿ30 ಪ್ರೊ ಒಂದು ಪ್ರಿಸಂನಿಂದ ಬೆಳಕನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಉದ್ದನೆಯ ಲೆನ್ಸನ್ನು ಫೋನಿನೊಳಗೆ ಅಡ್ಡಡ್ಡ ಮಲಗಿಸಿತು. ಐದು ಪಟ್ಟು ಹತ್ತಿರದ ನೋಟ ಹಾಗೆ ಸಿಕ್ಕಿತು. ಪೋರ್ಟ್ರೇಟ್ ವಿಧಾನದ ಮಸುಕು ಲೆನ್ಸಿನದಲ್ಲ, ಲೆಕ್ಕದ್ದು. ಕೆದರಿದ ಕೂದಲು, ಕನ್ನಡಕದ ಅಂಚು, ಜಡೆಗೆ ಮುಡಿದ ಮಲ್ಲಿಗೆ ದಂಡೆಯ ಬಿಡಿ ಮೊಗ್ಗುಗಳ ಬಳಿ ಅದು ಎಡವುತ್ತದೆ. ಅರ್ಧ ಮೊಗ್ಗು ಸ್ಪಷ್ಟವಾಗಿದ್ದರೆ ಇನ್ನರ್ಧ ಹಿನ್ನೆಲೆಯೊಂದಿಗೆ ಕರಗಿರುತ್ತದೆ. 48, 108, 200 ಎಂಬ ಮೆಗಾಪಿಕ್ಸೆಲ್ ಅಂಕಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಥ ಸೆನ್ಸರುಗಳು ಸಾಮಾನ್ಯವಾಗಿ ನಾಲ್ಕು, ಒಂಬತ್ತು ಅಥವಾ ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿ ಬೆಸೆದು 12 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರವನ್ನೇ ಕೊಡುತ್ತವೆ. ಡಬ್ಬಿಯ ಮೇಲಿನ ಅಂಕಿಗಿಂತ ಸೆನ್ಸರಿನ ಅಳತೆ ನೋಡಿ ಕೊಳ್ಳುವುದು ಜಾಣತನ.

ಲೆಕ್ಕಾಚಾರ ಬಂದಲ್ಲಿ ಲೆಕ್ಕ ಹಾಕುವವರ ಒಲವುಗಳೂ ಬಂದವು. ಹಲವು ಫೋನುಗಳ ಬ್ಯೂಟಿ ವಿಧಾನ ಮುಖದ ಕಲೆ, ಸುಕ್ಕುಗಳನ್ನು ಒರೆಸುವುದಷ್ಟೇ ಅಲ್ಲ, ಕೇಳದೆಯೇ ಮೈಬಣ್ಣವನ್ನು ಬೆಳ್ಳಗೆ ಮಾಡುತ್ತಿತ್ತು. ಕಪ್ಪು, ಕಂದು ಬಣ್ಣದವರೇ ಹೆಚ್ಚಿರುವ ನಾಡಿನಲ್ಲಿ ಇದು ಸಣ್ಣ ದೋಷವಲ್ಲ. ಮನುಷ್ಯರ ನಿಜವಾದ ಮುಖವನ್ನು ಅವರಿಂದಲೇ ಕಸಿದುಕೊಂಡ ಹಾಗೆ. 2021ರಲ್ಲಿ ಗೂಗಲ್ ರಿಯಲ್ ಟೋನ್ ಹೆಸರಿನಲ್ಲಿ ಕಪ್ಪು ಮೈಬಣ್ಣವನ್ನು ಇದ್ದಂತೆ ತೋರಿಸುವ ಹೊಂದಾಣಿಕೆ ತಂದದ್ದು ತಡವಾಗಿಯಾದರೂ ಬಂದ ಒಳ್ಳೆಯ ಬದಲಾವಣೆ. ಬ್ಯೂಟಿ ವಿಧಾನ ಇರುವ ಫೋನುಗಳಲ್ಲಿ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಕೊಳ್ಳಬಹುದು.

ಪರಿಕರಗಳ ಕೆಲಸ ಸಾಫ್ಟ್‌ವೇರ್ ಕೈಚೆಲ್ಲುವಲ್ಲಿ ಶುರುವಾಗುತ್ತದೆ. ಮೊದಲನೆಯದು ಅಲುಗಾಟ. ನೂರಾರು ರೂಪಾಯಿಗೆ ಸಿಗುವ ಪುಟ್ಟ ಟ್ರೈಪಾಡ್, ಅದರ ತಲೆಗೆ ಒಂದು ಮೊಬೈಲ್ ಹೋಲ್ಡರ್ ಇದ್ದರೆ ರಾತ್ರಿ ಚಿತ್ರ, ಟೈಮ್‌ಲ್ಯಾಪ್ಸ್, ಪಾಠದ ವಿಡಿಯೊ ಎಲ್ಲಕ್ಕೂ ಸಾಕು. ಕಾಲಿಂಚಿನ ತಿರುಪು ಬಹುತೇಕ ಎಲ್ಲ ಟ್ರೈಪಾಡುಗಳಿಗೂ ಸಾಮಾನ್ಯವಾದದ್ದರಿಂದ ಹಳೆಯ ಕ್ಯಾಮೆರಾ ಸ್ಟ್ಯಾಂಡಿಗೂ ಹೋಲ್ಡರ್ ಕೂರುತ್ತದೆ. ಪರದೆ ಮುಟ್ಟಿದಾಗ ಆಗುವ ಕಂಪನ ತಪ್ಪಿಸಲು ಬ್ಲೂಟೂತ್ ರಿಮೋಟ್ ಇದೆ. ಅದಿಲ್ಲದಿದ್ದರೆ ತಂತಿಯ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಅನೇಕ ಫೋನುಗಳಲ್ಲಿ ಅದೇ ಕೆಲಸ ಮಾಡುತ್ತದೆ, ಕೆಲವು ಸೆಕೆಂಡುಗಳ ಟೈಮರ್ ಅಂತೂ ಬಹುತೇಕ ಎಲ್ಲದರಲ್ಲೂ ಇದ್ದೇ ಇದೆ. ನಡೆಯುತ್ತ ವಿಡಿಯೊ ತೆಗೆಯುವವರಿಗೆ ಮೋಟಾರುಗಳಿಂದ ಅಲುಗಾಟ ತಡೆಯುವ ಗಿಂಬಲ್ ಉಪಯುಕ್ತ. 2016ರಲ್ಲಿ ಡಿಜೆಐ ತಂದ ಆಸ್ಮೊ ಮೊಬೈಲ್ ಈ ಸಾಧನವನ್ನು ಮನೆಮಾತಾಗಿಸಿತು. ಬೈಕಿನ ಹ್ಯಾಂಡಲ್ ಹೋಲ್ಡರ್ ವಿಷಯದಲ್ಲಿ ಎಚ್ಚರ ಬೇಕು. ಹೆಚ್ಚು ಶಕ್ತಿಯ ಬೈಕ್ ಎಂಜಿನ್ನಿನ ಕಂಪನಕ್ಕೆ ದೀರ್ಘಕಾಲ ಸಿಕ್ಕರೆ ಲೆನ್ಸನ್ನು ತೇಲಿಸಿ ಹಿಡಿಯುವ ಸ್ಥಿರೀಕರಣ ವ್ಯವಸ್ಥೆ ಕೆಡಬಹುದೆಂದು 2021ರಲ್ಲಿ ಆ್ಯಪಲ್ ಕಂಪನಿಯೇ ತನ್ನ ಗ್ರಾಹಕರನ್ನು ಎಚ್ಚರಿಸಿದೆ.

ಸೆಲ್ಫಿ ಸ್ಟಿಕ್ಕಿನ ಕತೆ ಬೇರೆ. 1980ರ ದಶಕದಲ್ಲೇ ಜಪಾನಿನಲ್ಲಿ ಪೇಟೆಂಟ್ ಪಡೆದಿದ್ದ ಈ ಕೋಲು ಮುಂಬದಿಯ ಕ್ಯಾಮೆರಾ ಬರುವವರೆಗೆ ಮೂಲೆಗುಂಪಾಗಿತ್ತು. 2015ರ ಹೊತ್ತಿಗೆ ಅದರ ಹಾವಳಿ ತಾಳಲಾರದೆ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯಗಳು ನಿಷೇಧ ಹೇರಿದವು. ಸೆಲ್ಫಿಯ ಮೋಹಕ್ಕೆ ಜೀವವೇ ತೆತ್ತವರೂ ಇದ್ದಾರೆ. ದೆಹಲಿಯ ಏಮ್ಸ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ 2011ರಿಂದ 2017ರವರೆಗೆ ಜಗತ್ತಿನಲ್ಲಿ ವರದಿಯಾದ ಇಂಥ 259 ಸಾವುಗಳನ್ನು ಲೆಕ್ಕ ಹಾಕಿತು. ಅವುಗಳಲ್ಲಿ ಅತಿ ಹೆಚ್ಚು ಭಾರತದವು. ಜಲಪಾತದ ಜಾರುಬಂಡೆ, ರೈಲು ಹಳಿಗಳಲ್ಲಿ ಯಾವ ಪರಿಕರವೂ ಕಾಪಾಡುವುದಿಲ್ಲ.

ಹತ್ತಿರದ ನೋಟಕ್ಕೆ ಕ್ಲಿಪ್ ಲೆನ್ಸುಗಳಿವೆ. ಅಗ್ಗದ ಸೆಟ್ಟುಗಳಲ್ಲಿ ವೈಡ್ ಮತ್ತು ಫಿಶ್‌ಐ ಲೆನ್ಸುಗಳು ಅಂಚಿನಲ್ಲಿ ಮಸುಕಾಗುತ್ತವೆ, ಕೊಳ್ಳುವ ಹಾಗಿಲ್ಲ. ಮ್ಯಾಕ್ರೊ ಲೆನ್ಸ್ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ. ಇರುವೆಯ ಮೀಸೆ, ರಾಗಿ ತೆನೆಯ ಕಾಳು, ಅಡಿಕೆ ಎಲೆಯ ಮೇಲಿನ ಚುಕ್ಕೆ ರೋಗ ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಚಿಕ್ಕ ಎಲ್‌ಇಡಿ ದೀಪ, ಪವರ್ ಬ್ಯಾಂಕ್, ಚಿತ್ರಗಳನ್ನು ಇಳಿಸಿಕೊಳ್ಳಲು ಓಟಿಜಿ ಪೆನ್‌ಡ್ರೈವ್ ಇವೂ ಉಪಯುಕ್ತವೇ. ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಮೆತ್ತನೆಯ ಬಟ್ಟೆ. ರಾತ್ರಿ ದೀಪಗಳ ಸುತ್ತ ಕಾಣುವ ಉದ್ದನೆಯ ಬೆಳಕಿನ ಗೆರೆಗಳಿಗೆ ಬಹಳ ಸಲ ಕಾರಣ ಲೆನ್ಸಿಗೆ ಅಂಟಿದ ಬೆರಳಿನ ಜಿಡ್ಡು.

ಆ್ಯಪ್‌ಗಳಲ್ಲಿ ಹಳೆಯದೂ ಗಟ್ಟಿಯದೂ ಸ್ನ್ಯಾಪ್‌ಸೀಡ್. ನಿಕ್ ಸಾಫ್ಟ್‌ವೇರ್ 2011ರಲ್ಲಿ ತಂದ ಇದನ್ನು ಮರುವರ್ಷ ಗೂಗಲ್ ಕೊಂಡಿತು, ಇಂದಿಗೂ ಉಚಿತ. ಬೆರಳಿಟ್ಟ ಜಾಗವನ್ನಷ್ಟೇ ಬೆಳಗಿಸುವ ಅದರ ಸೌಲಭ್ಯ ಹಿಂಬೆಳಕಿನಲ್ಲಿ ಕಪ್ಪಾದ ಮುಖಗಳನ್ನು ಉಳಿಸಿಕೊಡುತ್ತದೆ. ಆಂಡ್ರಾಯ್ಡ್ 2014ರಿಂದ ಸೆನ್ಸರಿನ ಕಚ್ಚಾ ಮಾಹಿತಿಯನ್ನು, ಅಂದರೆ ರಾ ಕಡತವನ್ನು, ಆ್ಯಪ್‌ಗಳಿಗೆ ಒದಗಿಸುತ್ತಿದೆ. ಓಪನ್ ಕ್ಯಾಮೆರಾ ಎಂಬ ಮುಕ್ತ ತಂತ್ರಾಂಶದಲ್ಲಿ ಶಟರ್, ಐಎಸ್‌ಒ, ಫೋಕಸ್ ಎಲ್ಲವನ್ನೂ ಕೈಯಾರೆ ಹೊಂದಿಸಬಹುದು. ಕಾಗದಪತ್ರ ಸ್ಕ್ಯಾನ್ ಮಾಡಲು ಮನೆಮನೆಯಲ್ಲಿದ್ದ ಕ್ಯಾಮ್‌ಸ್ಕ್ಯಾನರ್ 2020ರ ಜೂನಿನಲ್ಲಿ ಭಾರತ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಸೇರಿತ್ತು. ಆ ಕೆಲಸವನ್ನೀಗ ಅಡೋಬಿ ಸ್ಕ್ಯಾನ್, ಗೂಗಲ್ ಡ್ರೈವ್ ಮಾಡುತ್ತವೆ. ಗೂಗಲ್ ಲೆನ್ಸ್ ಮುದ್ರಿತ ಕನ್ನಡವನ್ನೂ ಓದಿ ಪಠ್ಯವಾಗಿಸುತ್ತದೆ. ಗಿಡ, ಹಕ್ಕಿ, ಚಿಟ್ಟೆಗಳನ್ನು ಗುರುತಿಸುವ ಐನ್ಯಾಚುರಲಿಸ್ಟ್ ಒಬ್ಬರ ಚಿತ್ರವನ್ನು ಎಲ್ಲರ ವೈಜ್ಞಾನಿಕ ದಾಖಲೆಯಾಗಿಸಿದೆ. ಅಪಾಯದಂಚಿನ ಜೀವಿಗಳ ನಿಖರ ಜಾಗವನ್ನು ಅದು ಮರೆಮಾಚುತ್ತದೆ, ಕಳ್ಳಬೇಟೆಯ ಭಯವಿರುವ ಕಾಡುಗಳಿಗೆ ಅದು ಅಗತ್ಯ. ಚಿತ್ರ ಕಳುಹಿಸುವಾಗ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಮುದ್ರಣಕ್ಕೆ ಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸುವುದೇ ಸರಿ.

ಸಾಧನ ಕೈಗೆಟುಕಿದಂತೆ ಛಾಯಾಗ್ರಹಣದ ವೃತ್ತಿಗಳೂ ಅಲುಗಾಡಿದವು. 2012ರಲ್ಲಿ ಸ್ಯಾಂಡಿ ಚಂಡಮಾರುತದ ವೇಳೆ ಛಾಯಾಗ್ರಾಹಕ ಬೆನ್ ಲೋವಿ ಐಫೋನಿನಲ್ಲಿ ತೆಗೆದ ಚಿತ್ರ ಟೈಮ್ ಪತ್ರಿಕೆಯ ಮುಖಪುಟವಾಯಿತು. ಮರುವರ್ಷ ಶಿಕಾಗೊ ಸನ್-ಟೈಮ್ಸ್ ಪತ್ರಿಕೆ ತನ್ನ 28 ಛಾಯಾಗ್ರಾಹಕರನ್ನು ಒಂದೇ ದಿನ ಮನೆಗೆ ಕಳುಹಿಸಿ ವರದಿಗಾರರ ಕೈಗೆ ಫೋನ್ ಕೊಟ್ಟಿತು. ಯಂತ್ರವೊಂದಿದ್ದರೆ ಕಣ್ಣು ಬೇಕಿಲ್ಲ ಎಂದು ತಿಳಿದ ಆ ನಿರ್ಧಾರ ಪತ್ರಿಕೋದ್ಯಮಕ್ಕೆ ಮಾಡಿದ ಅನ್ಯಾಯ. ಫೋನು ಕಣ್ಣಿದ್ದವರ ಕೈಗೆ ಸಿಕ್ಕಿದರೆ ಏನಾದೀತು ಎಂಬುದಕ್ಕೆ ಶಾನ್ ಬೇಕರ್ ಐಫೋನ್ 5ಎಸ್‌ನಲ್ಲಿ ಚಿತ್ರೀಕರಿಸಿದ 2015ರ ಸಿನಿಮಾ 'ಟ್ಯಾಂಜರಿನ್' ಸಾಕ್ಷಿ.

ಕರ್ನಾಟಕದ ಹಳ್ಳಿಗಳಲ್ಲಿ ಫೋನಿನ ಚಿತ್ರ ಆಡಳಿತದ ದಾಖಲೆಯಾಗಿದೆ. ರೈತರೇ ತಮ್ಮ ಸರ್ವೆ ನಂಬರಿನ ಗಡಿಯೊಳಗೆ ನಿಂತು ಬೆಳೆಯ ಚಿತ್ರ ಸೇರಿಸುವ ಬೆಳೆ ಸಮೀಕ್ಷೆ ಆ್ಯಪ್ 2020ರ ಮುಂಗಾರಿನಲ್ಲಿ ಬಂತು. ಬೆಳೆ ವಿಮೆ, ಬೆಂಬಲ ಬೆಲೆಗಳಿಗೆ ಆ ದಾಖಲೆ ಆಧಾರ. ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಗೆ ದಿನಕ್ಕೆರಡು ಬಾರಿ ಸ್ಥಳ-ಸಮಯದ ಮುದ್ರೆಯಿರುವ ಚಿತ್ರ 2023ರ ಜನವರಿಯಿಂದ ಕಡ್ಡಾಯವಾಯಿತು. ಹಾಜರಿ ದಾಖಲಿಸುವ ಕಾಯಕ ಬಂಧುವಿನ ಫೋನಿಗೆ ನೆಟ್‌ವರ್ಕ್ ಸಿಗದಿದ್ದರೆ ಹಾಜರಿಗೇ ಕುತ್ತು. ವೈದ್ಯಕೀಯದಲ್ಲಿ ಇದಕ್ಕಿಂತ ಸಂತೋಷದ ಬೆಳವಣಿಗೆ ಕಾಣುತ್ತದೆ. ಬೆಂಗಳೂರಿನ ರೆಮಿಡಿಯೊ ಸಂಸ್ಥೆಯ 'ಫಂಡಸ್ ಆನ್ ಫೋನ್' ಉಪಕರಣ ಸ್ಮಾರ್ಟ್‌ಫೋನಿನಿಂದ ಕಣ್ಣಿನ ಅಕ್ಷಿಪಟದ ಚಿತ್ರ ತೆಗೆದು, ಸಕ್ಕರೆ ಕಾಯಿಲೆಯಿಂದ ದೃಷ್ಟಿಗೆ ಬರುವ ಹಾನಿಯನ್ನು ಶಿಬಿರಗಳಲ್ಲೇ ಪತ್ತೆ ಹಚ್ಚಲು ನೆರವಾಗುತ್ತಿದೆ.

ಚಿತ್ರ ದಾಖಲೆಯಾದ ಮೇಲೆ ಅದು ನಿಜವೇ ಎಂಬ ಪ್ರಶ್ನೆ ಬರಲೇಬೇಕು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಉದ್ಯೋಗ ಖಾತ್ರಿಯ ಹಾಜರಿ ಆ್ಯಪ್‌ಗೆ ಸಂಬಂಧವಿಲ್ಲದ ಚಿತ್ರಗಳು, ಚಿತ್ರದ ಮೇಲೆ ತೆಗೆದ ಚಿತ್ರಗಳು ಸೇರುತ್ತಿರುವುದನ್ನು ರಾಜ್ಯಗಳ ಗಮನಕ್ಕೆ ತಂದಿತು. ಫೋನ್ ತಾನೇ ಚಿತ್ರ ಕಟ್ಟುವುದೂ ಉಂಟು. 2023ರ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕಾಗಿಸಿ ಕಂಪ್ಯೂಟರ್ ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಲ್ಲಿ ಸೆರೆಹಿಡಿದಾಗ, ಮೂಲದಲ್ಲಿ ಅಳಿಸಿಹೋಗಿದ್ದ ಕುಳಿಗಳು ಫಲಿತಾಂಶದಲ್ಲಿ ಮೂಡಿದ್ದವು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸಲು ಕೃತಕ ಬುದ್ಧಿಮತ್ತೆ ಬಳಸುತ್ತೇವೆ ಎಂದು ಕಂಪನಿ ವಿವರಿಸಿತು. ಬೇಡದ ಮನುಷ್ಯರನ್ನು ಅಳಿಸುವ, ಇಲ್ಲದ ಆಕಾಶವನ್ನು ತುಂಬುವ ಸೌಲಭ್ಯಗಳು ಈಗ ಫೋನಿನ ಗ್ಯಾಲರಿಯಲ್ಲೇ ಇವೆ. ಇದಕ್ಕೆ ಪರಿಹಾರವೆಂದು ಅಡೋಬಿ, ಮೈಕ್ರೊಸಾಫ್ಟ್ ಮೊದಲಾದವು 2021ರಲ್ಲಿ ಸಿ2ಪಿಎ ಒಕ್ಕೂಟ ಕಟ್ಟಿ, ಚಿತ್ರ ಯಾವ ಯಂತ್ರದಲ್ಲಿ ಹುಟ್ಟಿತು, ಆಮೇಲೆ ಏನೇನು ತಿದ್ದುಪಡಿಯಾಯಿತು ಎಂಬ ಮಾಹಿತಿಯನ್ನು ಡಿಜಿಟಲ್ ಸಹಿಯೊಂದಿಗೆ ಕಡತದಲ್ಲೇ ಇಡುವ ಮಾನದಂಡ ರೂಪಿಸಿದವು. 2025ರ ಪಿಕ್ಸೆಲ್ 10 ಫೋನಿನ ಕ್ಯಾಮೆರಾ ಈ ಸಹಿಯನ್ನು ಚಿತ್ರ ತೆಗೆಯುವಾಗಲೇ ಹಾಕುತ್ತದೆ. ಆದರೆ ಚಿತ್ರಗಳನ್ನು ಕುಗ್ಗಿಸಿ ಸಾಗಿಸುವ ಅನೇಕ ಜಾಲತಾಣಗಳು, ಮೆಸೇಜಿಂಗ್ ಆ್ಯಪ್‌ಗಳು ಕಡತದೊಳಗಿನ ಇಂಥ ಮಾಹಿತಿಯನ್ನು ದಾರಿಯಲ್ಲೇ ಉದುರಿಸಿಬಿಡುತ್ತವೆ. ಅವು ಅದನ್ನು ಉಳಿಸಿಕೊಂಡು ಓದುಗರಿಗೆ ಕಾಣುವಂತೆ ಇಡುವವರೆಗೆ ಕ್ಯಾಮೆರಾ ಹಾಕಿದ ಸಹಿ ಚಿತ್ರ ನೋಡುವವರನ್ನು ಮುಟ್ಟುವುದಿಲ್ಲ.