ರೋಮನ್ ಹಾಲಿಡೇ: ಗೀರು ಬಿದ್ದ ನೆಗೆಟಿವ್‌ನ ಕಥೆ

ಹಳೆಯ ಕಪ್ಪು-ಬಿಳುಪು ಸಿನಿಮಾ ಅಂದ ಕೂಡಲೇ ಪರದೆ ತುಂಬ ಮಳೆ ಸುರಿದಂಥ ಗೀರುಗಳು, ಹಿಂದಿನಿಂದ 'ಸುಂಯ್' ಅನ್ನೋ ಸದ್ದು... ಇದೇ ಅಲ್ಲವೇ ನಮ್ಮ ಕಲ್ಪನೆ? ವಯಸ್ಸಾಯ್ತು, ಸವೆದಿದೆ ಅಂದುಕೊಂಡು ಸುಮ್ಮನಾಗುತ್ತೇವೆ. ಆದರೆ ವಿಲಿಯಂ ವೈಲರ್ ನಿರ್ದೇಶಿಸಿದ 'ರೋಮನ್ ಹಾಲಿಡೇ' (1953) ಚಿತ್ರಕ್ಕೆ ಗಾಯ ಆದದ್ದು ವಯಸ್ಸಾದ ಮೇಲಲ್ಲ, ಹುಟ್ಟುವಾಗಲೇ!

ಕಥೆ ನಿಮಗೆ ಗೊತ್ತಿರುತ್ತದೆ. ರಾಜಮನೆತನದ ಕಟ್ಟುಪಾಡು ಸಾಕಾಗಿ ತಪ್ಪಿಸಿಕೊಳ್ಳುವ ರಾಜಕುಮಾರಿ (ಆಡ್ರಿ ಹೆಪ್‌ಬರ್ನ್), ಅವಳ ಸುದ್ದಿ ಮಾರಿ ದುಡ್ಡು ಮಾಡಲು ಹೊರಟ ಪತ್ರಕರ್ತ (ಗ್ರೆಗರಿ ಪೆಕ್), ಒಂದು ದಿನದ ಸುತ್ತಾಟ. ಹಾಲಿವುಡ್ಡಿನಲ್ಲಿ ಸೆಟ್ ಹಾಕುವ ಬದಲು 1952ರ ಬೇಸಿಗೆಯಲ್ಲಿ ರೋಮ್‌ಗೇ ಹೋಗಿ ಚಿತ್ರೀಕರಿಸಿದರು. ಫಿಲ್ಮ್ ತೊಳೆಸಿದ್ದೂ ಅಲ್ಲಿನದೇ ಲ್ಯಾಬಿನಲ್ಲಿ. ಆ ಮೂಲ ನೆಗೆಟಿವ್ ಮೇಲೆ ಆಗಲೇ ಬಿದ್ದ ಗೀರುಗಳು ಐವತ್ತು ವರ್ಷ ಕಾಡಿದವು.

ಕ್ಯಾಸೆಟ್ ಕಾಲದಲ್ಲಿ ಇದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ವಿಎಚ್‌ಎಸ್‌ನಲ್ಲಿ ಸಿಗುತ್ತಿದ್ದದ್ದು ಸುಮಾರು 240 ಗೆರೆಗಳಷ್ಟು ವಿವರ. ಗೀರೂ ಮಸುಕು, ಮುಖವೂ ಮಸುಕು. ಆಮೇಲೆ ನಮ್ಮೂರುಗಳಲ್ಲಿ ವಿಸಿಡಿ ಬಂತು. 352×288 ಚುಕ್ಕೆಗಳ ಚಿತ್ರ, ಎರಡು ಗಂಟೆಯ ಸಿನಿಮಾಕ್ಕೆ ಎರಡು ಡಿಸ್ಕ್! ಕತ್ತಲ ದೃಶ್ಯ ಬಂದರೆ ಪರದೆಯೆಲ್ಲ ಚೌಕ ಚೌಕ. ಅದರಲ್ಲಿ ಹಳೆಯ ಚಿತ್ರ ನೋಡಿದವರಿಗೆ ನೆನಪಿರಬಹುದು.

2002ರಲ್ಲಿ ಅಮೆರಿಕದಲ್ಲಿ ಡಿವಿಡಿ ಬಂತು. ಅದಕ್ಕಾಗಿ ಚಿತ್ರವನ್ನು ತೊಳೆದು ಒರೆಸಿದ್ದು ಜಾನ್ ಲೌರಿ ಅವರ ಲೌರಿ ಡಿಜಿಟಲ್. ಉಪಾಯ ಸರಳ. ಒಂದು ಫ್ರೇಮಿನಲ್ಲಿರುವ ಕಲೆ ಹಿಂದಿನ, ಮುಂದಿನ ಫ್ರೇಮುಗಳಲ್ಲಿ ಇಲ್ಲದಿದ್ದರೆ ಅದು ಕಸ. ಪಕ್ಕದ ಫ್ರೇಮಿನಿಂದ ತೇಪೆ ಹಾಕು. ಸೆಕೆಂಡಿಗೆ 24ರಂತೆ 118 ನಿಮಿಷಕ್ಕೆ ಲೆಕ್ಕ ಹಾಕಿ, ಹತ್ತಿರ ಹತ್ತಿರ 1.7 ಲಕ್ಷ ಫ್ರೇಮು!

ತೊಡಕು ಇರುವುದೂ ಇಲ್ಲೇ. ಫಿಲ್ಮಿನ ಮೇಲಿನ ಬೆಳ್ಳಿಯ ಕಣಗಳೂ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತವೆ. ಕಂಪ್ಯೂಟರಿಗೆ ಅದೂ ಕಸವೇ. ಆದರೆ ಚಿತ್ರ ಮೂಡಿರುವುದೇ ಆ ಕಣಗಳಿಂದ! ಅತಿಯಾಗಿ ಉಜ್ಜಿದರೆ ಕೆನ್ನೆ ಮೇಣದಂತಾಗುತ್ತದೆ. ಕಸ ಯಾವುದು, ಸಿನಿಮಾ ಯಾವುದು ಅಂತ ಕೊನೆಗೂ ಮನುಷ್ಯನೇ ನಿರ್ಧರಿಸಬೇಕು.

2020ರ ಬ್ಲೂ-ರೇಗೆ ಬೇರೆ ದಾರಿ ಹಿಡಿದರು. ಪರೀಕ್ಷೆಗಳ ನಂತರ, ಹಾಳಾದ ಮೂಲ ನೆಗೆಟಿವ್ ಬದಲು ಅದರ ವಂಶದ ಡ್ಯೂಪ್ ನೆಗೆಟಿವ್ ಮತ್ತು ಫೈನ್ ಗ್ರೇನ್ ಪ್ರತಿಗಳನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರು. ಅಸಲಿಗಿಂತ ನಕಲೇ ವಾಸಿ ಅನ್ನಿಸಿದ ಪ್ರಸಂಗ ನೋಡಿ!

ಇನ್ನು ಸದ್ದು. ಇದು ಮೋನೋ ಚಿತ್ರ. ಆ ಕಾಲದ ಆಪ್ಟಿಕಲ್ ಟ್ರ್ಯಾಕಿನಲ್ಲಿ ಸುಮಾರು 8 ಕಿಲೋಹರ್ಟ್ಜ್‌ನಿಂದ ಮೇಲೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಐದು ಸ್ಪೀಕರ್ ಇಟ್ಟರೂ ಇಲ್ಲದ ಸದ್ದು ಎಲ್ಲಿಂದ ಬರಬೇಕು? 'ಸುಂಯ್' ಪೂರ್ತಿ ಅಳಿಸಹೊರಟರೆ ಕೋಣೆಯ ಗಾಳಿಯೂ ಹೋಗುತ್ತದೆ. ಕೊನೆಯಲ್ಲಿ ಖಾಲಿ ಸಭಾಂಗಣದಲ್ಲಿ ಪೆಕ್ ಒಬ್ಬನೇ ನಡೆದು ಬರುತ್ತಾನಲ್ಲ, ಆ ಹೆಜ್ಜೆ ಸಪ್ಪಳಕ್ಕೆ ಸುತ್ತಲಿನ ಮೌನವೂ ಬೇಕು. ಅಂದ ಹಾಗೆ, ಪಾಲ್ ಪದ್ಧತಿಯ ಡಿಸ್ಕ್‌ಗಳಲ್ಲಿ 24ರ ಬದಲು 25 ಫ್ರೇಮು ಓಡಿಸುತ್ತಿದ್ದರು. ಹಾಗಾದಾಗ 118 ನಿಮಿಷದ ಚಿತ್ರ ಸುಮಾರು 113ಕ್ಕೆ ಮುಗಿಯುತ್ತದೆ. ದನಿಯೂ ತುಸು ಕೀರಲು!

ಕೊನೆಗೊಂದು ಮಾತು. ಕಥೆ ಬರೆದ ಡಾಲ್ಟನ್ ಟ್ರಂಬೋ ಆಗ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದರು. ಅವರ ಬದಲು ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ಹೆಸರು ಹಾಕಿದರು, ಆಸ್ಕರ್ ಕೂಡ ಆ ಹೆಸರಿಗೇ ಹೋಯಿತು. ಟ್ರಂಬೋ 1976ರಲ್ಲಿ ತೀರಿಕೊಂಡರು. 1993ರಲ್ಲಿ ಅವರ ಹೆಂಡತಿಯ ಕೈಗೆ ಪ್ರಶಸ್ತಿ ಬಂತು. ಡಿವಿಡಿಗಾಗಿ ಸಿದ್ಧವಾದ ಪ್ರತಿಯಲ್ಲಿ ಅವರ ಹೆಸರನ್ನೂ ಸೇರಿಸಿದರು. 2011ರಲ್ಲಿ ಲೇಖಕರ ಸಂಘ ಚಿತ್ರಕಥೆಯ ಶ್ರೇಯವನ್ನೂ ಕೊಟ್ಟಿತು.

1953ರ ಪ್ರೇಕ್ಷಕ ಪರದೆಯ ಮೇಲೆ ಆ ಹೆಸರನ್ನು ನೋಡಿರಲಿಲ್ಲ. ಹಾಗಾದರೆ ಅದನ್ನು ಸೇರಿಸಿದ್ದು ಮೂಲಕ್ಕೆ ಅಪಚಾರವೇ? ನನಗಂತೂ ಹಾಗನ್ನಿಸುವುದಿಲ್ಲ. ಲ್ಯಾಬ್ ಮಾಡಿದ ಗೀರನ್ನು ಅಳಿಸಬಹುದಾದರೆ, ಭಯ ಮಾಡಿದ ಗೀರನ್ನೂ ಅಳಿಸಲೇಬೇಕಲ್ಲವೇ? ನೀವೇನಂತೀರಿ?