ಪುರಾಣಪಾತ್ರಗಳ ಒಳಮುಖ: ಕನ್ನಡದಲ್ಲಿ ಮನೋರೂಪಕದ ಬೆಳವಣಿಗೆ

ಪುರಾಣದ ದೇವತೆಗಳನ್ನೂ ಅಸುರರನ್ನೂ ಮನೋವೃತ್ತಿಗಳ, ಅಂದರೆ ಕಾಮ, ಭಯ, ಅಹಂಕಾರ, ವಿವೇಕ ಮೊದಲಾದ ಒಳಗಿನ ಚಲನೆಗಳ ಸಂಕೇತಗಳಾಗಿ ಕಾಣುವ ಕ್ರಮವು ಆಧುನಿಕ ಮನಶ್ಶಾಸ್ತ್ರದ ಕೊಡುಗೆಯೆಂಬ ಭಾವನೆ ಓದುಗರಲ್ಲಿ ಇರುವುದುಂಟು. ಆದರೆ ಭಾಗವತದ ನಾಲ್ಕನೆಯ ಸ್ಕಂಧದಲ್ಲಿಯೇ ನಾರದನು ಪ್ರಾಚೀನಬರ್ಹಿ ರಾಜನಿಗೆ ಪುರಂಜನನ ಕಥೆಯನ್ನು ಹೇಳಿ, ಪುರಂಜನನೆಂದರೆ ಜೀವ, ಅವನ ಒಂಬತ್ತು ಬಾಗಿಲುಗಳ ಪಟ್ಟಣವೆಂದರೆ ದೇಹ, ಅವನು ಮೋಹಿಸಿದ ರಾಣಿಯೆಂದರೆ ಬುದ್ಧಿ ಎಂದು ತಾನಾಗಿಯೇ ಬಿಡಿಸಿ ತೋರಿಸುತ್ತಾನೆ. ಹನ್ನೊಂದನೆಯ ಶತಮಾನದ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ ನಾಟಕದಲ್ಲಿ ವಿವೇಕವೂ ಮಹಾಮೋಹವೂ ರಾಜರ ರೂಪತಾಳಿ ಕಾದಾಡುತ್ತವೆ.

ಕನ್ನಡದಲ್ಲಿ ಈ ಬಗೆಯ ರೂಪಕಕ್ಕೆ ಗಟ್ಟಿಯಾದ ನೆಲೆ ದೊರೆತದ್ದು ಶರಣಪರಂಪರೆಯಲ್ಲಿ. ಮಾಯೆಯು ಹೊರಗಿನ ವಸ್ತುಗಳಲ್ಲಿಲ್ಲ, ಅವುಗಳತ್ತ ಚಾಚುವ ಮನಸ್ಸಿನ ಬಯಕೆಯಲ್ಲಿದೆ ಎಂಬ ಅಲ್ಲಮಪ್ರಭುವಿನ ನಿಲುವನ್ನು ಹದಿನೈದನೆಯ ಶತಮಾನದಲ್ಲಿ, ಇಮ್ಮಡಿ ದೇವರಾಯನ ಕಾಲದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಕಥೆಯಾಗಿಸಿದನು. ಅಲ್ಲಿ ಅಲ್ಲಮನ ತಂದೆತಾಯಿಗಳು ನಿರಹಂಕಾರ ಮತ್ತು ಸುಜ್ಞಾನಿ; ಪಾರ್ವತಿಯ ತಾಮಸಕಳೆಯಾದ ಮಾಯೆ ಬನವಾಸಿಯ ಅರಸ ಮಮಕಾರ ಮತ್ತು ರಾಣಿ ಮೋಹಿನಿಯರ ಮಗಳಾಗಿ ಹುಟ್ಟುತ್ತಾಳೆ. ಹೆಸರುಗಳೆಲ್ಲ ಇಷ್ಟು ನೇರವಾಗಿ ತತ್ತ್ವವನ್ನು ಸಾರುವಾಗ ಕಾವ್ಯವು ಒಣಗಬೇಕಿತ್ತು. ಅದು ಒಣಗದೆ ಉಳಿದಿರುವುದು ಮದ್ದಳೆ ಬಾರಿಸುವ ಅಲ್ಲಮನಿಗೆ ಸೋತ ಮಾಯೆಯ ವಿರಹವನ್ನು ಕವಿಯು ತತ್ತ್ವಕ್ಕೆ ಬಲಿಕೊಡದೆ ಹೆಣ್ಣೊಬ್ಬಳ ಸಂಕಟವಾಗಿಯೇ ಬರೆದಿರುವುದರಿಂದ. ಈ ರೂಪಕಕಥೆ ಯಾವುದೋ ಕಲ್ಪಿತ ಲೋಕದಲ್ಲಿ ನಡೆಯದೆ ಇಂದಿನ ಶಿರಸಿ ತಾಲೂಕಿನ ಬನವಾಸಿಯಲ್ಲಿ ನಡೆಯುವುದೂ ಗಮನಾರ್ಹ.

ಘಟ್ಟದ ಕೆಳಗಿನ ಕರಾವಳಿಯಲ್ಲಿ ಇದಕ್ಕೆ ಸಮನಾಗಿ ನಿಲ್ಲುವುದು ಆತ್ಮಲಿಂಗದ ಸ್ಥಳಪುರಾಣ. ತಾಯಿ ಕೈಕಸಿಯ ಪೂಜೆಗಾಗಿ ರಾವಣನು ಶಿವನಿಂದ ಆತ್ಮಲಿಂಗವನ್ನು ಪಡೆದು, ನೆಲಕ್ಕಿಡಬಾರದೆಂಬ ಕಟ್ಟಳೆಗೆ ಒಳಪಟ್ಟು ಬರುತ್ತಿರುವಾಗ, ವಿಷ್ಣುವು ಚಕ್ರದಿಂದ ಸೂರ್ಯನನ್ನು ಮರೆಮಾಡುತ್ತಾನೆ. ಸಂಜೆಯಾಯಿತೆಂದು ಸಂಧ್ಯಾವಂದನೆಗೆ ಹೊರಟ ರಾವಣನ ಕೈಯಿಂದ ಲಿಂಗವನ್ನು ಪಡೆದ ವಟುರೂಪದ ಗಣಪತಿ ಮೂರು ಬಾರಿ ಕೂಗಿ ಅದನ್ನು ಗೋಕರ್ಣದಲ್ಲಿ ಇಟ್ಟುಬಿಡುತ್ತಾನೆ. ಕೀಳಲಾಗದ ರಾವಣನು ಸಿಟ್ಟಿನಿಂದ ಎಸೆದ ಲಿಂಗದ ಹೊದಿಕೆಗಳು ಬಿದ್ದ ತಾಣಗಳಲ್ಲಿ ಕುಮಟಾ ತಾಲೂಕಿನ ಧಾರೇಶ್ವರ, ಹೊನ್ನಾವರ ತಾಲೂಕಿನ ಗುಣವಂತೆ ಮತ್ತು ಭಟ್ಕಳ ತಾಲೂಕಿನ ಮಾವಳ್ಳಿಗೆ ಸೇರಿದ ಮುರ್ಡೇಶ್ವರ ಸೇರಿವೆ. ರಾವಣನ ಅಹಂಕಾರ, ಗಣಪತಿಯ ಬುದ್ಧಿ, ಆತ್ಮಲಿಂಗದ ಆತ್ಮತತ್ತ್ವ ಎಂಬ ಸಮೀಕರಣ ಇಲ್ಲಿ ಸುಲಭವಾಗಿ ಹೊಳೆಯುತ್ತದೆ, ಬಹುಶಃ ಅತಿ ಸುಲಭವಾಗಿ. ಏಕೆಂದರೆ ಕಥೆಯಲ್ಲಿ ರಾವಣನು ಸೋಲುವುದು ಅಹಂಕಾರದಿಂದಲ್ಲ, ನಿತ್ಯಕರ್ಮದ ನಿಷ್ಠೆಯಿಂದ; ಅವನನ್ನು ಕೆಡವುವ ಬುದ್ಧಿಯಾದರೋ ಕಪಟದ್ದು. ಮುರ್ಡೇಶ್ವರದ ಕಂದುಕಗಿರಿಯ ಮೇಲಿನ 123 ಅಡಿ ಎತ್ತರದ ಶಿವನ ಪ್ರತಿಮೆಯ ಕೆಳಗಿನ ಗುಹೆಯಲ್ಲಿ ಈ ಕಥೆ ಶಿಲ್ಪಗಳಾಗಿ ನಿಂತಿದೆಯಾದರೂ, ಇಂಥ ಒಳಸಿಕ್ಕು ಶಿಲ್ಪಕ್ಕಿಂತ ಮಾತಿಗೆ ಹೆಚ್ಚು ಒಗ್ಗುವಂಥದು.

ಆ ಮಾತು ಬೆಳೆದದ್ದು ತಾಳಮದ್ದಳೆಯಲ್ಲಿ. ವೇಷವೂ ಕುಣಿತವೂ ಇಲ್ಲದ ಈ ಕೂಟದಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಯು ಪಾತ್ರವಾಗಿ ಆಶುವಾಗಿ ಮಾತಾಡುತ್ತಾನೆ, ಎದುರಿನ ಅರ್ಥಧಾರಿ ಅದನ್ನು ಅಲ್ಲಿಯೇ ಪ್ರಶ್ನಿಸುತ್ತಾನೆ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ ಮೊದಲಾದ ಪಾತ್ರಗಳು ಹೆಸರಾದದ್ದು ಖಳನ ಮನಸ್ಸಿಗೂ ಅದರದೇ ತರ್ಕವಿದೆಯೆಂದು ತೋರಿಸಿದ್ದರಿಂದ. ಯಕ್ಷಗಾನದ ಬಡಗುತಿಟ್ಟಿನ ಆಟದಲ್ಲಿ ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರನು ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಳ್ಳುವವರೆಗಿನ ಮೋಹವನ್ನು ಹೆಜ್ಜೆಯಲ್ಲಿ ಕಾಣಿಸಿದನು. ಸಂಕೇತವನ್ನು ಘೋಷಿಸುವುದಕ್ಕಿಂತ ವಾದಕ್ಕೊಡ್ಡುವ ಈ ರೀತಿಯೇ ಮೇಲು.

ಇಪ್ಪತ್ತನೆಯ ಶತಮಾನದಲ್ಲಿ ಫ್ರಾಯ್ಡನ ಸುಪ್ತಪ್ರಜ್ಞೆ, ಅಂದರೆ ಅರಿವಿಗೆ ಬಾರದೆ ನಡೆಯನ್ನು ನಿಯಂತ್ರಿಸುವ ಮನಸ್ಸಿನ ಪದರ, ಮತ್ತು ಯೂಂಗನ ಮೂಲಪ್ರತಿಮೆ, ಅಂದರೆ ಜನಾಂಗಗಳೆಲ್ಲಕ್ಕೂ ಸಾಮಾನ್ಯವೆಂದು ಅವನು ಭಾವಿಸಿದ ಆದಿಮ ಚಿತ್ರ, ಇವೆರಡೂ ಕನ್ನಡ ಬರಹಗಾರರಿಗೆ ಪರಿಚಿತವಾದವು. ವೈದ್ಯರೂ ಹಾಸ್ಯಲೇಖಕರೂ ಆದ ಎಂ. ಶಿವರಾಂ (ರಾಶಿ) ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತದ್ದು ಮನಶ್ಶಾಸ್ತ್ರದ ತಿಳಿವಳಿಕೆ ಸಾಮಾನ್ಯ ಓದುಗರವರೆಗೆ ಬಂದುದರ ಗುರುತು. ಸೃಜನಶೀಲ ಸಾಹಿತ್ಯ ಅದಕ್ಕೂ ಮೊದಲೇ ಮುಂದೆ ಹೋಗಿತ್ತು. ಕುವೆಂಪು ಅವರ ‘ಶ್ರೀರಾಮಾಯಣದರ್ಶನಂ’ನಲ್ಲಿ (1949) ರಾವಣನು ಕನಸಿನಲ್ಲಿ ಸೀತೆಯ ಮಡಿಲ ಶಿಶುವಾಗುತ್ತಾನೆ, ಕಾಮವು ಮಾತೃಭಾವವಾಗಿ ತಿರುಗುವ ಈ ಘಟ್ಟದಲ್ಲಿ ಕೊನೆಯ ಕಾಳಗಕ್ಕಿಂತ ಮೊದಲೇ ಅವನ ಒಳಗಿನ ಯುದ್ಧ ಮುಗಿಯುತ್ತದೆ. ಶಿರಸಿಯಲ್ಲಿ ಬಾಲ್ಯ ಕಳೆದು ಯಕ್ಷಗಾನ ನೋಡಿ ಬೆಳೆದ ಗಿರೀಶ ಕಾರ್ನಾಡರು ‘ಯಯಾತಿ’ಯಲ್ಲಿ (1961) ತಂದೆಗೆ ಯೌವನ ಕೊಡುವ ಮಗನನ್ನು ಹೊಣೆಗಾರಿಕೆಯ ಪ್ರಶ್ನೆಯಾಗಿಸಿದರು.

ಎ. ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ಜನಪದ ಕಥೆಯೊಂದನ್ನು ಮುಂದಿಟ್ಟು, ಭಾರತದ ಕಥೆಗಳಲ್ಲಿ ಗ್ರೀಕ್ ಪುರಾಣದ ಈಡಿಪಸನ ಕಥೆಯ ದಿಕ್ಕು ತಿರುವುಮುರುವಾಗಿದೆ, ಮಗನು ತಂದೆಯನ್ನು ಕೊಲ್ಲುವುದಕ್ಕಿಂತ ತಂದೆ ಮಗನನ್ನು ಕುಗ್ಗಿಸುವುದೇ ಹೆಚ್ಚೆಂದು ವಾದಿಸಿದ ಮೇಲೆ, ಹೊರಗಿನ ಸಿದ್ಧಾಂತವನ್ನು ಹಾಗೆಯೇ ಹೊಂದಿಸುವ ವಿಮರ್ಶೆಗೆ ಆಧಾರ ತಪ್ಪಿತು. ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಬೇರೆಯೇ ದಾರಿ ಹಿಡಿದು, ಅಲೌಕಿಕವನ್ನು ಕಳಚಿ, ಸಂಕೇತದ ಬದಲು ಮನುಷ್ಯರನ್ನೇ ನಿಲ್ಲಿಸಿತು. ಆತ್ಮಲಿಂಗದ ಕಥೆಯ ಮಟ್ಟಿಗೆ ಈ ಓದುಗಳೆಲ್ಲ ರಾವಣನ ಸುತ್ತಲೇ ತಿರುಗಿವೆ. ಮಗನನ್ನು ಕೈಲಾಸಕ್ಕೆ ಅಟ್ಟಿದ ಬಯಕೆ ಕೈಕಸಿಯದು, ಮತ್ತು ತಂದೆ ವಿಶ್ರವಸನಿಗೆ ಈ ಕಥೆಯಲ್ಲಿ ಪಾತ್ರವೇ ಇಲ್ಲವೆಂಬುದನ್ನು ರಾಮಾನುಜನ್ ತೆರೆದ ದಾರಿಯಲ್ಲಿ ಪರಿಶೀಲಿಸುವ ಕೆಲಸ ಇನ್ನೂ ಬಾಕಿಯಿದೆ.