ಔಷಧ ಲೇಪಿತ ಸ್ಟೆಂಟ್: ತೆಳುಪದರದ ವಿಜ್ಞಾನ ಹಾಗೂ ರೋಗಿಯ ಕುಟುಂಬದವರಿಗೆ ಮಾಹಿತಿ

ಹೃದಯದ ಚಿಕಿತ್ಸೆಗೆ ಸರ್ಕಾರದ ನೆರವು ಕೋರುವ ಮಲವಗೊಪ್ಪ, ಶಿವಮೊಗ್ಗ ಹಾಗೂ ಭದ್ರಾವತಿ ಭಾಗದ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸ್ಟೆಂಟ್ ಅಳವಡಿಸುವ ಸಂದರ್ಭದಲ್ಲಿ ಕುಟುಂಬದವರು ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಆ ಹೊತ್ತಿನಲ್ಲಿ ವಿವರ ಕೇಳಿ ತಿಳಿಯುವ ವ್ಯವಧಾನ ಯಾರಿಗೂ ಇರುವುದಿಲ್ಲವಾದ್ದರಿಂದ ಮುಂಚಿತವಾಗಿ ತಿಳಿದಿರುವುದು ಒಳ್ಳೆಯದು.

ಸ್ಟೆಂಟ್ ಎಂದರೇನು?

ಕಿರಿದಾದ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದ ನಂತರ ಅದು ಪುನಃ ಕುಗ್ಗದಂತೆ ಒಳಗೆ ಇರಿಸುವ ಸಣ್ಣ ಜಾಲರಿ ಕೊಳವೆಯೇ ಸ್ಟೆಂಟ್. ಮೊದಲಿಗೆ ಇದನ್ನು ಸ್ಟೇನ್‌ಲೆಸ್ ಸ್ಟೀಲಿನಿಂದ ತಯಾರಿಸಲಾಗುತ್ತಿತ್ತು. ಈಗ ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ ಬಳಕೆಯಲ್ಲಿದೆ. ಅದು ಹೆಚ್ಚು ಬಲಿಷ್ಠವಾದ್ದರಿಂದ ಜಾಲರಿಯ ಎಳೆಗಳನ್ನು ಇನ್ನಷ್ಟು ತೆಳುವಾಗಿಸಬಹುದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಭದ್ರಾವತಿಯವರಿಗೆ ಲೋಹಕ್ಕೆ ಏನನ್ನು ಬೆರೆಸಿದರೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಲೋಹ ಎಷ್ಟೇ ಉತ್ತಮವಾಗಿದ್ದರೂ ದೇಹಕ್ಕೆ ಅದು ಪರಕೀಯ ವಸ್ತು. ರಕ್ತನಾಳದ ಗೋಡೆಯ ಜೀವಕೋಶಗಳು ಅದರ ಸುತ್ತ ಅತಿಯಾಗಿ ಬೆಳೆದು ಮತ್ತೆ ಮಾರ್ಗವನ್ನು ಕಿರಿದಾಗಿಸುತ್ತವೆ. ಸಾದಾ ಲೋಹದ ಸ್ಟೆಂಟ್ ಅಳವಡಿಸಿದವರಲ್ಲಿ ಶೇಕಡಾ 20ರಿಂದ 30ರಷ್ಟು ಮಂದಿಗೆ ಹೀಗಾಗುತ್ತಿತ್ತು. ಔಷಧ ಲೇಪಿತ ಸ್ಟೆಂಟ್‌ಗಳು ಬಂದ ಮೇಲೆ ಈ ಪ್ರಮಾಣ ಶೇಕಡಾ 10ಕ್ಕಿಂತ ಕೆಳಗಿಳಿದಿದೆ. ಯುರೋಪಿನಲ್ಲಿ 2002ರಲ್ಲಿ, ಅಮೆರಿಕದಲ್ಲಿ 2003ರಲ್ಲಿ ಇವುಗಳಿಗೆ ಮೊದಲ ಅನುಮತಿ ದೊರೆಯಿತು.

ಲೇಪನ ಕೆಲಸ ಮಾಡುವ ಬಗೆ

ಜಾಲರಿಯ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಪಾಲಿಮರ್ ಪದರವಿದ್ದು, ಅದರಲ್ಲಿ ಜೀವಕೋಶಗಳ ವಿಭಜನೆಯನ್ನು ತಡೆಯುವ ಔಷಧ ಬೆರೆತಿರುತ್ತದೆ. ಇವುಗಳಲ್ಲಿ ಪ್ರಮುಖವಾದ ಸಿರೊಲಿಮಸ್ ಎಂಬ ಔಷಧವು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ದೊರೆತದ್ದು. ಔಷಧವೆಲ್ಲ ಮೊದಲ ದಿನವೇ ಹೊರಬಂದರೆ ಮುಂದೆ ರಕ್ಷಣೆಯಿರುವುದಿಲ್ಲ. ಹೊರಬರದೇ ಉಳಿದರೆ ಲೇಪನವೇ ನಿಷ್ಪ್ರಯೋಜಕ. ಆದುದರಿಂದ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಹಂತಹಂತವಾಗಿ ಬಿಡುಗಡೆಯಾಗುವಂತೆ ಪದರದ ದಪ್ಪ ಹಾಗೂ ಪಾಲಿಮರಿನ ಬಗೆಯನ್ನು ನಿರ್ಧರಿಸಲಾಗುತ್ತದೆ. ಕೆಲವು ಪಾಲಿಮರ್‌ಗಳು ಔಷಧ ಮುಗಿದ ಬಳಿಕ ದೇಹದಲ್ಲಿಯೇ ಕರಗಿ ಲ್ಯಾಕ್ಟಿಕ್ ಆಮ್ಲದಂತಹ ಸರಳ ವಸ್ತುಗಳಾಗುತ್ತವೆ.

ಇಷ್ಟು ತೆಳುವಾದ ಪದರವನ್ನು ಸಮವಾಗಿ, ಬಿರುಕಿಲ್ಲದೆ, ಕಿತ್ತುಬಾರದಂತೆ ಕೂರಿಸುವುದೇ ಕಠಿಣ ಕೆಲಸ. ಅರೆವಾಹಕ ತೆಳುಪದರಗಳ ಸಂಶೋಧಕರೂ ಇದೇ ಸಮಸ್ಯೆಯನ್ನು ಎದುರಿಸುತ್ತಾರೆ. ಅಡುಗೆ ಅನಿಲದ ಸೋರಿಕೆಯನ್ನು ಪತ್ತೆ ಹಚ್ಚುವ ಸಾಧನದಲ್ಲಿ ಬಳಕೆಯಾಗುವ ತವರದ ಆಕ್ಸೈಡಿನ ಪದರ ಇದಕ್ಕೆ ಉದಾಹರಣೆ. ಅಲ್ಲಿ ಗಮನಿಸುವುದು ಪದರದೊಳಗೆ ವಿದ್ಯುತ್ ಹರಿಯುವ ರೀತಿ, ಇಲ್ಲಿ ಔಷಧ ಹೊರಬರುವ ವೇಗ. ಕ್ಷ-ಕಿರಣ ವಿವರ್ತನೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮುಂತಾದ ಪರೀಕ್ಷಾ ವಿಧಾನಗಳು ಎರಡಕ್ಕೂ ಸಾಮಾನ್ಯ. ಜಿಲ್ಲೆಯ ವಿದ್ಯಾರ್ಥಿಗಳಿಗೆ ಈ ಕ್ಷೇತ್ರದ ದಾರಿ ಹತ್ತಿರದಲ್ಲೇ ಇದೆ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಆವರಣದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಔದ್ಯಮಿಕ ರಸಾಯನಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಪ್ರಯೋಗಾಲಯಗಳನ್ನು ಇತರ ಸಂಸ್ಥೆಗಳ ಸಂಶೋಧಕರೂ ಬಳಸಲು 2008ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಬಳಕೆದಾರರ ಕಾರ್ಯಕ್ರಮವು ಅವಕಾಶ ಕಲ್ಪಿಸಿದೆ.

ಬೆಲೆ ಮತ್ತು ಬಿಲ್ಲು

ಈ ತೆಳು ಲೇಪನದ ಹೆಸರಿನಲ್ಲಿ ಹಿಂದೆ ಒಂದು ಸ್ಟೆಂಟ್‌ಗೆ ಲಕ್ಷ ರೂಪಾಯಿಗೂ ಮೀರಿ ಬೆಲೆ ಪಡೆಯಲಾಗುತ್ತಿತ್ತು. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 13-02-2017ರ ಆದೇಶದಲ್ಲಿ ಸಾದಾ ಸ್ಟೆಂಟ್‌ಗೆ ರೂ. 7,260 ಹಾಗೂ ಔಷಧ ಲೇಪಿತ ಸ್ಟೆಂಟ್‌ಗೆ ರೂ. 29,600 ಗರಿಷ್ಠ ಬೆಲೆ ನಿಗದಿಪಡಿಸಿತು (ತೆರಿಗೆ ಪ್ರತ್ಯೇಕ). ಈ ದರಗಳನ್ನು ನಂತರ ಪರಿಷ್ಕರಿಸುತ್ತ ಬರಲಾಗಿದೆ. ಆದುದರಿಂದ ಚಿಕಿತ್ಸೆಯ ದಿನಾಂಕಕ್ಕೆ ಜಾರಿಯಲ್ಲಿರುವ ದರವನ್ನೇ ನೋಡತಕ್ಕದ್ದು. ಕರಗುವ ಸ್ಟೆಂಟ್ ಎಂಬ ಕಾರಣಕ್ಕೆ ಹೆಚ್ಚಿನ ಬೆಲೆ ಕೇಳುವಂತಿಲ್ಲ. 2017ರ ಆದೇಶವು ಅದನ್ನೂ ಔಷಧ ಲೇಪಿತ ಸ್ಟೆಂಟ್‌ನ ವರ್ಗದಲ್ಲಿಯೇ ಸೇರಿಸಿದೆ. ಪೂರ್ಣ ಕರಗುವ ಸ್ಟೆಂಟ್‌ಗಳಲ್ಲಿ ಹೆಸರಾಗಿದ್ದ ಒಂದರಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಹೆಚ್ಚಾಗಿ ಕಂಡುಬಂದವು. ಅದೇ ವರ್ಷ ಅದರ ಮಾರಾಟವೂ ನಿಂತಿತು. ಹೊಸದೆಲ್ಲವೂ ಉತ್ತಮವೆಂದು ತಿಳಿಯಬೇಕಾಗಿಲ್ಲ.

ಆಸ್ಪತ್ರೆಯು ಬಿಲ್ಲಿನಲ್ಲಿ ಸ್ಟೆಂಟ್‌ನ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸಿ, ಬ್ರಾಂಡ್, ತಯಾರಕರ ಅಥವಾ ಆಮದುದಾರರ ಹೆಸರು ಹಾಗೂ ಬ್ಯಾಚ್ ಸಂಖ್ಯೆಯನ್ನು ನಮೂದಿಸಬೇಕೆಂದು ಅದೇ ಆದೇಶದಲ್ಲಿ ತಿಳಿಸಲಾಗಿದೆ. ಈ ವಿವರವಿಲ್ಲದ ಬಿಲ್ಲನ್ನು ಸ್ವೀಕರಿಸದೆ, ಬರೆದುಕೊಡುವಂತೆ ಕೇಳುವುದು. ಮುಂದೆ ಮತ್ತೊಮ್ಮೆ ತಪಾಸಣೆ ಬೇಕಾದಾಗ ವೈದ್ಯರು ಮೊದಲು ಕೇಳುವುದು ಇದೇ ಕಾಗದವನ್ನು.

ಸರ್ಕಾರದ ನೆರವು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ ನೆರವು ಇರುತ್ತದೆ. ಆಧಾರ್ ಹಾಗೂ ಪಡಿತರ ಚೀಟಿ ಅವಶ್ಯಕ. ಮಲವಗೊಪ್ಪದ ನಿವಾಸಿಗಳು ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಖಾಸಗಿ ನೋಂದಾಯಿತ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗುತ್ತದೆ. ಹೃದಯಾಘಾತದಂತಹ ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯಬೇಕಾಗಿಲ್ಲ.

ಸ್ಟೆಂಟ್ ಅಳವಡಿಸಿದ ನಂತರ ರಕ್ತ ಹೆಪ್ಪುಗಟ್ಟದಂತೆ ನೀಡುವ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಯಾವ ಕಾರಣಕ್ಕೂ ನಿಲ್ಲಿಸತಕ್ಕದ್ದಲ್ಲ. ಔಷಧವು ಜೀವಕೋಶಗಳ ಬೆಳವಣಿಗೆಯನ್ನು ತಡೆಯುವುದರಿಂದ ಜಾಲರಿಯ ಮೇಲೆ ಸಹಜ ಒಳಪೊರೆ ಹರಡಲು ಹೆಚ್ಚು ಕಾಲ ಬೇಕಾಗುತ್ತದೆ. ಅಲ್ಲಿಯವರೆಗೆ ರಕ್ಷಣೆ ನೀಡುವುದು ಈ ಮಾತ್ರೆಗಳೇ. ಹಲ್ಲು ಕೀಳಿಸುವಾಗ ಅಥವಾ ಬೇರೆ ಶಸ್ತ್ರಚಿಕಿತ್ಸೆಗೆ ಹೋಗುವಾಗ ಸ್ಟೆಂಟ್ ಇರುವುದನ್ನು ಆ ವೈದ್ಯರಿಗೆ ತಪ್ಪದೇ ತಿಳಿಸುವುದು.

ಯೋಜನೆಯ ಬಗ್ಗೆ ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104 ಅಥವಾ 14555ಕ್ಕೆ ಕರೆ ಮಾಡುವುದು.